ಮುಂದಾಳು ತಪ್ಪಿದ ಏರು

ಕರಿಗುಡ್ಡದ ಏರಿನ ನಟ್ಟನಡುವೆ ಸೇನೆಯ ಲಾರಿಯೊಂದು ಗುಡ್ಡದ ಮಗ್ಗುಲಿಗೆ ಹಿಂಬದಿ ಬಡಿದುಕೊಂಡು ಅಡ್ಡಡ್ಡ ನಿಂತಿತ್ತು. ಅದು ಎಳೆಯುತ್ತಿದ್ದ ನೀರಿನ ಟ್ರೇಲರು ಮಗುಚಿ ಬಿದ್ದು, ನೀರೆಲ್ಲ ಗರಸುಮಣ್ಣಿನ ರಸ್ತೆಗುಂಟ ಹರಿದು ಹೋಗಿತ್ತು. ಕೆಳಗೆ ಅಂಥದೇ ಟ್ರೇಲರು ಕಟ್ಟಿಕೊಂಡ ಇನ್ನೂ ಆರು ಲಾರಿಗಳು ಸಾಲಾಗಿ ನಿಂತಿದ್ದವು — ಒಂದಕ್ಕೂ ಗೀರು ಬಿದ್ದಿರಲಿಲ್ಲ.

"ಹಿಂದಕ್ಕ ಜಾರಾಕತ್ತಿತ್ರಿ. ಬ್ರೇಕ್ ಹಿಡೀಲಿಲ್ಲ," ಎಂದ ಚಾಲಕ ಶಟ್ಟೆಪ್ಪ. ರಾಮದುರ್ಗದ ಕಡೆಯ ಸಿಪಾಯಿ. ಮುರಿದ ಬಲಗೈಯನ್ನು ಟವೆಲಿನಲ್ಲಿ ಕಟ್ಟಿ ಕೊರಳಿಗೆ ಹಾಕಿದ್ದರು. "ಹಿಂದ ನಮ್ಮ ಮಂದಿ ಇದ್ರು. ನೆಟ್ಟಗ ಹೋದ್ರ ಅವ್ರ ಮ್ಯಾಲ ಹೋಗತಿತ್ತು. ಗುಡ್ಡಕ್ಕ ತಿರುವಿಬಿಟ್ಟೆ."

ಕೈ ಮುರಿದುಕೊಂಡು ಇಷ್ಟು ಸಲೀಸಾಗಿ ಮಾತಾಡುವವನನ್ನು ನಾನು ಕಂಡಿರಲಿಲ್ಲ. ಸೆಲ್ಯೂಟ್ ಹೊಡೆಯಬೇಕೆನ್ನಿಸಿತು, ಹೊಡೆದೂಬಿಟ್ಟೆ. ನನ್ನ ಹೆಸರು ಯುವರಾಜ, ಸವದತ್ತಿ ಸೀಮೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಪಕ್ಕದಲ್ಲಿ ಕೈಕಟ್ಟಿ ನಿಂತು ರಸ್ತೆಯನ್ನೇ ನೋಡುತ್ತಿದ್ದವರು ನಮ್ಮ ಪಿಎಸ್‌ಐ ಪ್ರಣಿತಾ ಮೇಡಮ್. ಅವರು ಸುಮ್ಮನೆ ನಿಂತರೆ ಏನೋ ನಡೆದಿದೆ ಎಂದೇ ಅರ್ಥ. ನಮಗೆ ತಿಳಿಯುವುದು ಮಾತ್ರ ತಡವಾಗಿ.

"ಅಪಘಾತ ಅಲ್ಲೇನ್ರಿ ಮೇಡಮ್?" ಎಂದೆ.

"ಅಪಘಾತ ಆಗಿದ್ರ ಕರ್ನಲ್ ಸಾಹೇಬ್ರು ನಮ್ಮನ್ಯಾಕ ಕರೀತಿದ್ರು?"

ಅದೂ ಖರೆಯೇ.

ಸಂಗತಿ ಇಷ್ಟು. ಕಿತ್ತೂರಿನಲ್ಲಿ ಶೈಲಜಾ ಎಂಬ ಹೆಣ್ಣುಮಗಳು ಸಣ್ಣ ಕಂಪನಿ ಕಟ್ಟಿದ್ದಾರೆ. ಮೊದಲು ಎಂ.ಕೆ. ಹುಬ್ಬಳ್ಳಿಯ ಕಡೆ ಓಡಾಡುವ ಕಬ್ಬಿನ ಟ್ರ್ಯಾಕ್ಟರುಗಳಿಗೆ ಅಂಗೈಯಗಲದ ಕರಿ ಯಂತ್ರ ಕೂರಿಸಿದರು. ಯಾವ ದಾರಿಯಲ್ಲಿ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಎಂಜಿನ್ನು ಏದುಸಿರು ಬಿಟ್ಟಿತು — ಎಲ್ಲವನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ನಮ್ಮ ಸೀಮೆಗೂ ಬಂದು ಇಲ್ಲಿಯ ಟ್ರ್ಯಾಕ್ಟರುಗಳಿಗೂ ಕೂರಿಸಿದರು. ಆ ಮಾಹಿತಿಯಿಂದ ಕಲಿತದ್ದೇ ‘ಮುಂದಾಳು’. ದಂಡು ಹೊರಡಬೇಕೆಂದರೆ ಎಷ್ಟು ಲಾರಿ, ಎಷ್ಟು ನೀರು, ಎಷ್ಟು ಡೀಸೆಲ್, ಯಾವ ಸೇತುವೆ ಭಾರ ತಾಳುತ್ತದೆ, ಎಲ್ಲಿ ನಿಲ್ಲಬೇಕು — ಹತ್ತು ಜನ ಅಧಿಕಾರಿಗಳು ದಿನಗಟ್ಟಲೆ ಕೂತು ಮಾಡುವ ಯೋಜನೆಯನ್ನು ಅದು ಒಂದು ಲೋಟ ಚಹಾ ಕುಡಿಯುವುದರಲ್ಲಿ ಮಾಡಿ ಮುಗಿಸುತ್ತದೆ.

ಇವತ್ತು ಸೇನೆಯವರ ಪರೀಕ್ಷೆ. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ಹಾದು ತೊರಗಲ್ ಕೋಟೆಯ ಬುಡಕ್ಕೆ ಏಳು ಲಾರಿ ಮುಟ್ಟಬೇಕು. ಒಂದೇ ಷರತ್ತು: ಮುಂದಾಳುವಿನ ಆದೇಶ ನೇರವಾಗಿ ಚಾಲಕನಿಗೆ ಹೋಗಬೇಕು, ನಡುವೆ ಯಾರೂ ಅದನ್ನು ನೋಡುವಂತಿಲ್ಲ, ಕೈ ಹಾಕುವಂತಿಲ್ಲ. ಬೈಲಹೊಂಗಲ ದಾಟಿದ ಮೇಲೆ ಕರ್ನಲ್ ಸಾಹೇಬರು ಬೇಕೆಂದೇ "ಮುಂದಿನ ಸೇತುವೆ ಮುರಿದಿದೆ ಅಂದುಕೋ" ಎಂದರಂತೆ. ಅವರು ಮಾತು ಮುಗಿಸುವಷ್ಟರಲ್ಲಿ ಏಳೂ ಲಾರಿಗೆ ಹೊಸ ದಾರಿ ಬಂದಿತ್ತಂತೆ. ಕೇಳಿ ನನಗೆ ಮೈ ಜುಮ್ಮೆಂದಿತು. ಅಂಥ ಮುಂದಾಳು ಕರಿಗುಡ್ಡದ ಬುಡದಲ್ಲಿ ಹೇಳಿದ್ದೇನು? — ‘ನಿಲ್ಲದೆ ಏರಿರಿ.’

ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ಸೇನೆಯವರ ಡೇರೆ. ಅಲ್ಲಿ ಶೈಲಜಾ ಕಂಪ್ಯೂಟರ್ ಮುಂದೆ ಕೂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಇದು ನಮ್ಮ ಮಾಹಿತಿ ಅಲ್ರಿ," ಎಂದರು. "ಕರಿಗುಡ್ಡದ ಟ್ರಿಪ್ ಅಷ್ಟೂ ಯಾರೋ ತೆಗೆದು ಬ್ಯಾರೆ ತುಂಬ್ಯಾರ. ಮೊನ್ನೆ ಮಧ್ಯಾಹ್ನ, ಕಿತ್ತೂರ ಆಫೀಸಿನಾಗ."

"ಯಾರು?"

ಶೈಲಜಾ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಪರದೆಯ ಮೇಲೆ ಹೆಸರು ತಾನೇ ಕಾಣುತ್ತಿತ್ತು: ನಿಂಗರಾಜ.

ಡೇರೆಯ ಮೂಲೆಯಲ್ಲಿ ಕೂತಿದ್ದ ತರುಣ ಥಟ್ಟನೆ ಎದ್ದು ಬಂದ. ಮಾಹಿತಿ ನೋಡಿಕೊಳ್ಳುವ ಎಂಜಿನಿಯರ್ ಅವನೇ. "ನಾ ಮಾಡಿಲ್ರಿ! ನನ್ನ ಹೆಸರಿಲೆ ಯಾರೋ ಮಾಡ್ಯಾರ. ಊಟಕ್ಕ ಹೋಗೂಮುಂದ ಕಂಪ್ಯೂಟರ್ ಹಂಗ ತೆರೆದಿಟ್ಟು ಹೋಗತೇವ್ರಿ ನಾವು..."

ಕರ್ನಲ್ ಸಾಹೇಬರು ಕೈಯೆತ್ತಿ ತಡೆದರು. ಅವರದು ಹಿಂದಿ, ನಾನು ನಮ್ಮ ಮಾತಿಗೆ ಇಳಿಸಿ ಹೇಳುತ್ತೇನೆ. "ನೋಡಮ್ಮ ಇನ್‌ಸ್ಪೆಕ್ಟರ್, ಈ ಯಂತ್ರ ನನಗೆ ಬಹಳ ಹಿಡಿಸಿದೆ. ಆದರೆ ಮನೆಯವರೇ ಸುಳ್ಳು ಹೇಳಿಸಬಹುದಾದ ಯಂತ್ರದ ಕೈಗೆ ನನ್ನ ಜನರ ಜೀವ ಕೊಡಲಾರೆ. ಯಾರು ಮಾಡಿದ್ದು ಎಂದು ಹೊತ್ತು ಮುಳುಗುವುದರೊಳಗೆ ತಿಳಿದರೆ ಮತ್ತೊಮ್ಮೆ ಪರೀಕ್ಷೆ. ಇಲ್ಲವಾದರೆ ಡೇರೆ ಕಿತ್ತು ಹೊರಡುತ್ತೇನೆ. ಈ ಹುಡುಗನನ್ನು ನೀವು ಕರೆದುಕೊಂಡು ಹೋಗಿ."

ಶೈಲಜಾರ ಐದು ವರ್ಷದ ದುಡಿಮೆಗೂ ನಿಂಗರಾಜನ ಮಾನಕ್ಕೂ ಸಂಜೆಯವರೆಗೆ ಗಡುವು. ನಾನಂತೂ ಅವನನ್ನು ಜೀಪಿನಲ್ಲಿ ಕೂರಿಸಿಯೇ ಬಿಟ್ಟೆ. ಬಾಗಿಲಿಗೆ ಒರಗಿ ನಿಂತು ಮೀಸೆಯನ್ನೂ ತಿರುವಿದೆ.

ಕಿತ್ತೂರಿನ ಆಫೀಸಿನಲ್ಲಿ ಮೊನ್ನೆ ಇದ್ದವರು ಮೂವರೇ — ಶೈಲಜಾ, ನಿಂಗರಾಜ, ಮತ್ತು ಸಚಿನ. ಪರೀಕ್ಷೆಗೆಂದು ಮೂವರೂ ಈ ಡೇರೆಗೇ ಬಂದಿದ್ದರು. ಈ ಸಚಿನ ಬೆಳಗಾವಿ ಪೇಟೆಯವನು, ಗಣಿತದಲ್ಲಿ ಹುಲಿ. ಲಾರಿಯ ಶಕ್ತಿ ಎಷ್ಟು, ಏರು ಎಷ್ಟು, ಭಾರ ಎಷ್ಟು ಎಂಬ ಲೆಕ್ಕವೆಲ್ಲ ಅವನದು.

ಮೇಡಮ್ ಪರದೆಯ ಮೇಲೆ ಒಂದು ಸುಳ್ಳು ಟ್ರಿಪ್ ತೋರಿಸೆಂದರು. ಟ್ರ್ಯಾಕ್ಟರನ್ನು ಸೂಚಿಸುವ ಕೆಂಪು ಚುಕ್ಕೆ ಬುಡದಿಂದ ನೆತ್ತಿಯವರೆಗೆ ಎಲ್ಲೂ ನಿಲ್ಲದೆ ಏರಿ ಹೋಯಿತು. ಮೇಡಮ್ ಮತ್ತೆ ತೋರಿಸೆಂದರು. ಮತ್ತೆ. ಆಮೇಲೆ ಒಬ್ಬೊಬ್ಬರನ್ನೇ ಹೊರಗೆ ಕರೆದು ಮಾತಾಡಿಸಿದರು. ಅವರು ಕೇಳಿದ್ದಾದರೂ ಏನು? ಊರು, ಮನೆ, ಊಟ. ಕೊನೆಗೆ ಹೊರಡುವಾಗ ನೆನಪಾದಂತೆ ಮೂವರಿಗೂ ಒಂದೇ ಪ್ರಶ್ನೆ.

"ಅಲ್ರಿ, ಕಬ್ಬು ತುಂಬಿದ ಟ್ರ್ಯಾಕ್ಟರ್ ಈ ಕರಿಗುಡ್ಡ ಏರಾಕ ಎಷ್ಟೊತ್ತು ಹಿಡಿತೈತಿ?"

"ಮುಕ್ಕಾಲ್ ತಾಸರ ಬೇಕ್ರಿ," ಎಂದ ನಿಂಗರಾಜ ಜೀಪಿನೊಳಗಿಂದ.

"ಒಂದು ತಾಸು ಅನ್ರಿ," ಎಂದರು ಶೈಲಜಾ. "ಒಂದು ಸೀಜನ್ ಪೂರಾ ಟ್ರ್ಯಾಕ್ಟರ್ ಮ್ಯಾಲ ಕುಂತು ತಿರುಗೇನಿ ನಾ."

"ಎಂಟ್ಹತ್ತು ನಿಮಿಷ," ಎಂದ ಸಚಿನ. "ಏರೇ ಒಂದೂವರೆ ಕಿಲೋಮೀಟರ್ ಇಲ್ಲ. ಲೆಕ್ಕ ಮಾಡಿ ತೋರಿಸ್ಲೇನ್ರಿ?"

"ಬ್ಯಾಡ್ರಿ, ನಂಬಿದೆ," ಎಂದು ಮೇಡಮ್ ನಕ್ಕರು.

ನಾನೂ ನಂಬಿದೆ. ಒಂದೂವರೆ ಕಿಲೋಮೀಟರಿಗೆ ಮುಕ್ಕಾಲು ತಾಸು? ಮುದುಕಿಯರು ಕೋಲೂರಿಕೊಂಡು ಹೋದರೂ ಅಷ್ಟು ಹಿಡಿಯಲಾರದು. ನಿಂಗರಾಜ ಸುಳ್ಳು ಹೇಳುತ್ತಿದ್ದಾನೆ, ಶೈಲಜಾ ಅವನನ್ನು ಕಾಯುತ್ತಿದ್ದಾರೆ — ನನ್ನ ಮಟ್ಟಿಗೆ ಕೇಸು ಮುಗಿದಿತ್ತು.

"ಯುವರಾಜ, ಗಾಡಿ ತೆಗಿ. ಮತ್ತ ಕರಿಗುಡ್ಡಕ್ಕ ಹೋಗೂಣು."

"ಇನ್ನೇನೈತ್ರಿ ಅಲ್ಲಿ?"

"ಕಬ್ಬು."

ಸೇನೆಯವರು ಲಾರಿಗಳನ್ನೆಲ್ಲ ಬದಿಗೆ ಸರಿಸಿ ದಾರಿ ಬಿಟ್ಟಿದ್ದರು. ಏರಿನ ಬುಡಕ್ಕೆ ಬಂದರೆ, ಅರ್ಧ ರಸ್ತೆ ನುಂಗಿ ಒಂಟಿ ಟ್ರೇಲರೊಂದು ನಿಂತಿತ್ತು. ಟ್ರ್ಯಾಕ್ಟರಿನ ಸುಳಿವಿಲ್ಲ. ತುಂಬಿದ ಕಬ್ಬಿನ ಮೇಲೆ ಒಬ್ಬ ಹೆಂಗಸು ಕೋಲು ಹಿಡಿದು ಕೂತು, ಕಬ್ಬು ಕೀಳಲು ಬಂದ ದನಗಳನ್ನೂ ಬೈಕಿನವರನ್ನೂ ಒಂದೇ ಬೈಗುಳದಲ್ಲಿ ಓಡಿಸುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಕಬ್ಬಿನ ಹಂಗಾಮು ಬಂತೆಂದರೆ ಈ ಒಂಟಿ ಟ್ರೇಲರುಗಳದೇ, ನಮ್ಮ ಬಾಯಲ್ಲಿ ಡಬ್ಬಿಗಳದೇ, ನಮಗೆ ತಲೆನೋವು.

"ಏ ಬಾಯವ್ವಾ! ಡಬ್ಬಿ ಇಲ್ಲ್ಯಾಕ ಬಿಟ್ಟೀರಿ? ರಸ್ತೆ ನಿಮ್ಮಪ್ಪಂದೇನು?"

"ನಮ್ಮಪ್ಪಂದಾಗಿದ್ರ ಇಷ್ಟು ಕೆಟ್ಟ ಇಡ್ತಿರಲಿಲ್ಲ ಬಿಡೋ ಸಾಹೇಬಾ!" ಎಂದಳು ಮೇಲಿನಿಂದ. "ನನ್ನ ಗಂಡ ಬರತಾನ ತಡಿ."

ಮೇಡಮ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಷ್ಟರಲ್ಲಿ ಅವಳ ಗಂಡನ ಟ್ರ್ಯಾಕ್ಟರು ಹಿಂದೆ ಏನೂ ಇಲ್ಲದೆ ಗಡಗಡ ಇಳಿದು ಬಂತು. ಮೇಡಮ್ ಅದನ್ನು ನಿಲ್ಲಿಸಿ, ಸೀಟಿನ ಕೆಳಗಿದ್ದ ಅಂಗೈಯಗಲದ ಕರಿ ಯಂತ್ರವನ್ನು ಬಿಚ್ಚಿಸಿಕೊಂಡರು. ರಸ್ತೆಗೆ ಅಡ್ಡ ಡಬ್ಬಿ ಬಿಟ್ಟದ್ದಕ್ಕೆ ಜಪ್ತಿ ಮಾಡುತ್ತಿದ್ದಾರೆ ಎಂದುಕೊಂಡು ನಾನು ಖುಷಿಪಟ್ಟೆ.

ಹೊತ್ತು ಪಡುವಣಕ್ಕೆ ವಾಲಿತ್ತು. ಡೇರೆಯಲ್ಲಿ ಎಲ್ಲರೂ ಸೇರಿದರು. ನಿಂಗರಾಜನನ್ನೂ ಜೀಪಿನಿಂದ ಇಳಿಸಿ ತಂದೆ. ಮೇಡಮ್ ಆ ಯಂತ್ರವನ್ನು ಶೈಲಜಾರ ಕೈಗಿತ್ತರು.

"ಟ್ರ್ಯಾಕ್ಟರ್ ಮ್ಯಾಲಿನ ಯಂತ್ರದಾಗ ಅಸಲು ಟ್ರಿಪ್ ಇನ್ನೂ ಇರತೈತಿ, ಹೌದಿಲ್ರಿ? ತೋರಸ್ರಿ."

ಪರದೆಯ ಮೇಲೆ ಕೆಂಪು ಚುಕ್ಕೆ ಬುಡದಲ್ಲಿ ನಿಂತಿತು. ನಿಧಾನಕ್ಕೆ ನೆತ್ತಿಗೆ ಏರಿತು. ಬುಡಕ್ಕೆ ಇಳಿಯಿತು. ಯಂತ್ರ ಬಿಚ್ಚಿಸಿದ್ದರಿಂದ ಇವತ್ತಿನದು ಅಲ್ಲಿಗೇ ನಿಂತಿತ್ತು. ಇನ್ನೊಂದು ದಿನದ್ದು ನೋಡಿದರೆ, ಇಳಿದದ್ದು ಮತ್ತೆ ಏರಿತು. ಯಾವ ದಿನದ್ದು ನೋಡಿದರೂ ಅದೇ ಕಥೆ.

"ಕರ್ನಲ್ ಸಾಹೇಬ್ರ, ಕಬ್ಬಿನ ಟ್ರ್ಯಾಕ್ಟರ್ ಎರಡು ಡಬ್ಬಿ ಎಳಿತೈತಿ," ಎಂದರು ಮೇಡಮ್. "ಈ ಏರಿನಾಗ ಎರಡೂ ಕೂಡಿ ಬರೂದಿಲ್ಲ. ಅದಕ್ಕ ಹಿಂದಿಂದು ಬುಡದಾಗ ಬಿಚ್ಚಿಟ್ಟು, ಮುಂದಿಂದು ನೆತ್ತಿಗೆ ಮುಟ್ಟಸ್ತಾರ. ಖಾಲಿ ಇಳಿದು ಬಂದು ಮತ್ತೊಂದು ಒಯ್ತಾರ. ಒಂದು ಏರು, ಮೂರು ಸಲ ದಾರಿ. ಮುಕ್ಕಾಲ್ ತಾಸು ಹಿಡಿಯೂದು ಅದಕ್ಕ."

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹಂಗಾಮಿನುದ್ದಕ್ಕೂ ಆ ಟ್ರೇಲರುಗಳಿಗೆ ಶಾಪ ಹಾಕಿದವನು ನಾನು. ಕಣ್ಣೆದುರಿಗೇ ಇತ್ತು, ನೋಡಲಿಲ್ಲ. ಮೇಡಮ್ ನೋಡಿದರು. ಅದಕ್ಕೇ ಅವರ ಹೆಗಲಿನ ಮೇಲೆ ನಕ್ಷತ್ರ ಇದೆ, ನನ್ನ ತೋಳಿನ ಮೇಲೆ ಪಟ್ಟಿ ಇದೆ.

"ಸುಳ್ಳು ಟ್ರಿಪ್ ಮಾಡಿದವರು ಡಬ್ಬಿ ಬಿಚ್ಚೂದನ್ನ ಬಿಟ್ಟಾರ. ನಿಂಗರಾಜ ಸುಳ್ಳು ಮಾಡಿದ್ರ ಹಿಂಗ ಮಾಡ್ತಿದ್ದಿಲ್ಲ. ನೋಡಿದವ್ರಿಗೆ ಖರೇ ಅನಸಬೇಕಲ್ಲ? ಅರ್ಧ ತಾಸರ ಹಾಕ್ತಿದ್ದ. ಶೈಲಜಾ ಅವರೂ ಅಷ್ಟ. ಟ್ರ್ಯಾಕ್ಟರ್ ನಿಲ್ಲದ ಏರತೈತಿ ಅಂತ ತಿಳಿದವರು ಈ ಡೇರೇದಾಗ ಒಬ್ರ ಅದಾರ. ಎಂಟ್ಹತ್ತು ನಿಮಿಷ ಅಂತ ನನಗೂ ಹೇಳಿದ್ರು." ಮೇಡಮ್ ತಿರುಗಿದರು. "ಅಲ್ಲೇನ್ರಿ, ಸಚಿನ?"

ಸಚಿನ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ಯಂತ್ರ ತಪ್ಪು ತೋರಸ್ತೈತಿ ಅಂದ್ಕೊಂಡೆ," ಎಂದ. "ಚುಕ್ಕೆ ಏರತಿತ್ತು, ಇಳೀತಿತ್ತು. ಡ್ರೈವರ್‌ಗಳು ಚಹಾಕ್ಕ ಹೋಗ್ತಾರ, ಆಟ ಆಡ್ತಾರ ಅಂದ್ಕೊಂಡೆ. ನನ್ನ ಲೆಕ್ಕದಾಗ ಲಾರಿ ಏರಬೇಕಿತ್ತು. ಈ ಟ್ರಿಪ್‌ಗಳಿಂದಾಗಿ ಮುಂದಾಳು ನನ್ನ ಲೆಕ್ಕಾನ ತಳ್ಳಿ ಹಾಕ್ತಿತ್ತು. ಕರ್ನಲ್ ಸಾಹೇಬ್ರ ಮುಂದ ನನ್ನ ಲೆಕ್ಕ ಗೆಲ್ಲಬೇಕಿತ್ತು, ಅಷ್ಟ..."

"ಮತ್ತ ನನ್ನ ಹೆಸರು ಯಾಕೋ?" ನಿಂಗರಾಜ ಅವನೆದುರಿಗೇ ಬಂದು ನಿಂತ. "ಒಂದ ತಾಟಿನಾಗ ಉಂಡೇವಿ ನಾವು."

ಶೈಲಜಾ ಮುಖ ಆ ಕಡೆ ತಿರುಗಿಸಿಕೊಂಡರು. ಬೆಳಗ್ಗೆಯಿಂದ ಆ ಹುಡುಗನನ್ನು ಜೀಪಿನಲ್ಲಿ ಕೂರಿಸಿ ಮೀಸೆ ತಿರುವಿದವನು ನಾನೇ ಅಲ್ಲವೆ?

"ಲೆಕ್ಕ ತಪ್ಪುವುದು ಸೇನೆಯಲ್ಲೂ ಉಂಟು," ಎಂದರು ಕರ್ನಲ್ ಸಾಹೇಬರು ಸಚಿನನಿಗೆ. "ತಪ್ಪಿದವನು ಮುಂದೆ ಬಂದು ನಿಲ್ಲುತ್ತಾನೆ. ಹೊರಗೆ ಒಬ್ಬ ಕೈ ಮುರಿದುಕೊಂಡು ಕೂತಿದ್ದಾನಲ್ಲ, ಹೋಗಿ ಅವನಿಗೆ ಹೇಳು."

ಸಚಿನ ಹೋದ. ಶಟ್ಟೆಪ್ಪ ಏನೂ ಬೈಯಲಿಲ್ಲವಂತೆ. ಅದೇ ಸಚಿನನಿಗೆ ಹೆಚ್ಚಿನ ಶಿಕ್ಷೆ ಆಯಿತೆಂದು ಕಾಣುತ್ತದೆ. ನಮ್ಮ ಜೀಪಿಗೆ ತಾನಾಗಿ ಬಂದು ಕೂತ.

ಕರ್ನಲ್ ಸಾಹೇಬರು ಪಡುವಣ ನೋಡಿದರು. ಹೊತ್ತು ಇನ್ನೂ ಗುಡ್ಡದ ಮೇಲೆ ಒಂದು ಮಾರು ಇತ್ತು. "ಯಂತ್ರ ತಾನಾಗಿ ಸುಳ್ಳು ಹೇಳಿರಲಿಲ್ಲ. ಅಸಲು ಮಾಹಿತಿ ತುಂಬಿ. ಅದು ಈಗ ಏನು ಹೇಳುತ್ತದೋ ನನ್ನ ಕಣ್ಣೆದುರೇ ನೋಡೋಣ."

ಶೈಲಜಾ ಕುರ್ಚಿ ಬಿಟ್ಟು ಎದ್ದರು. "ನಿಂಗರಾಜ, ನೀನ ಕುಂದ್ರು."

ಅವನು ಕೂತ. ಕರಿ ಯಂತ್ರದಿಂದ ಅಸಲು ಟ್ರಿಪ್‌ಗಳನ್ನು ಎಳೆದುಕೊಂಡ. ಕೊನೆಗೆ ಪರದೆಯ ಮೇಲೆ ಒಂದೇ ಪ್ರಶ್ನೆ ಉಳಿಯಿತು — ಈ ಮಾಹಿತಿಗೆ ಹೊಣೆ ಯಾರು? ಅವನ ಬೆರಳುಗಳು ಅಲ್ಲಿಗೇ ನಿಂತವು.

"ನಿಮ್ಮ ಹೆಸರು ಹಾಕ್ಲೇನ್ರಿ, ಮೇಡಮ್?" ಎಂದ ಶೈಲಜಾರನ್ನು ನೋಡದೆ.

"ಯಾಕ? ನಿಂದ ಹಾಕು," ಎಂದರು ಶೈಲಜಾ.

ಅವನು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದ. ಮರುಗಳಿಗೆಯಲ್ಲಿ ಆರೂ ಲಾರಿಗಳಿಗೆ ಆದೇಶ ಹೋಯಿತು: ‘ಏರಿನ ಬುಡದಲ್ಲಿ ನೀರಿನ ಟ್ರೇಲರು ಬಿಚ್ಚಿರಿ. ಮೊದಲು ಲಾರಿಗಳು ಏರಲಿ. ಸಾಮಾನು ಇಳಿಸಿದ ಲಾರಿ ಮರಳಿ ಬಂದು ಟ್ರೇಲರು ಒಯ್ಯಲಿ.’

ಕರ್ನಲ್ ಸಾಹೇಬರು ಅದನ್ನು ಎರಡು ಸಲ ಓದಿದರು. ಕೆಳಗಿದ್ದ ಹೆಸರನ್ನೂ ಓದಿದರು. ಆಮೇಲೆ ನಿಂಗರಾಜನ ಹೆಗಲ ಮೇಲೆ ಕೈಯಿಟ್ಟು, "ನಡಿ, ಎಲ್ಲಕ್ಕೂ ಮುಂದಿನ ಲಾರಿಯಲ್ಲಿ ನನ್ನ ಪಕ್ಕ ನೀನು ಕೂರುತ್ತೀ," ಎಂದರು.