ಹನ್ನೊಂದಕ್ಕೆ ಹದ, ಹನ್ನೆರಡಕ್ಕೆ ಉಪ್ಪು

ಆ ಬುಧವಾರ ಬೆಳಿಗ್ಗೆ ಶಿವಬಸವ್ವ ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಗುರುಪುತ್ರಪ್ಪ ಒಳಗೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದ. ಮೂವತ್ತು ವರ್ಷ ಪೊಲೀಸ್ ಖಾತೆಯಲ್ಲಿ ದುಡಿದು, ಕ್ಯಾಂಪ್ ಬಡಾವಣೆಯ ನನ್ನ ಅಂಗಡಿಯ ಹಿಂದಿನ ಖೋಲಿಗೆ ವಿಶ್ರಾಂತಿಗೆಂದು ಬಂದವನು ಅವನು. ಆದರೆ ಬೆಳಗಾವಿಯಲ್ಲಿ ಯಾರ ಮನೆಯ ಹಂಡೆ ಕಾಣೆಯಾದರೂ ಜನ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಬೆನ್ನು ಹತ್ತಿ ತಿರುಗಿ ತಿರುಗಿ ನನ್ನ ಹೊಲಿಗೆಯೆಲ್ಲ ಹಿಂದೆ ಬಿದ್ದಿತ್ತು. ಇದು ೧೯೭೯ರ ಮಾತು. ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರಿಗೂ ಸಾಕಾಗಿತ್ತು.

"ನನ್ನ ಅನ್ನಕ್ಕ ಮಣ್ಣು ಬಿತ್ರಿ ಗುರುಪುತ್ರಪ್ಪನವರ," ಎಂದಳು ಶಿವಬಸವ್ವ.

ಬೆಳಗಾವಿಯ ಶಹಾಪುರ ಪೇಟೆಯ ಅವಳ ಖಾನಾವಳಿ ಊರಿಗೆಲ್ಲ ಗೊತ್ತು. ಅದಕ್ಕಿಂತ ಹೆಸರಾದದ್ದು ಅವಳ ಅಡುಗೆಯ ವಹಿ. ಯಾರ ಮನೆಯಲ್ಲಿ ಏನು ರುಚಿಯಾಗಿ ಉಂಡರೂ ಮಾಡುವ ಬಗೆ ಕೇಳಿಕೊಂಡೇ ಎದ್ದು ಬರುವ ಹೆಂಗಸು ಆಕೆ. ಮೊದಲ ಸಲ ಅವರು ಹೇಳಿದಂತೆ ಮಾಡುವುದು, ಎರಡನೆಯ ಸಲ ತನ್ನ ನಾಲಿಗೆಗೆ ತಕ್ಕಂತೆ ತಿದ್ದುವುದು, ಮೂರನೆಯ ಸಲ ವಹಿಯಲ್ಲಿ ಬರೆದಿಡುವುದು. ಬರೆದ ಮೇಲೂ ಬಿಡುತ್ತಿರಲಿಲ್ಲ. ಸಮಾಧಾನವಾಗದಿದ್ದರೆ ಹಳೆಯ ಅಳತೆ ಹೊಡೆದುಹಾಕಿ ಹೊಸದನ್ನು ಬರೆಯುತ್ತಿದ್ದಳು.

ನಡೆದದ್ದು ಇಷ್ಟು. ಸೋಮವಾರ ಜವಳಿ ವ್ಯಾಪಾರಿ ತಮ್ಮಣ್ಣನ ಮಗಳ ನಿಶ್ಚಯ, ಅರವತ್ತು ಜನರ ಊಟ ಇವಳ ಖಾನಾವಳಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುವ ಕಾಡವ್ವ ಶನಿವಾರವೇ ಅಣ್ಣನ ಮೊಮ್ಮಗುವಿನ ತೊಟ್ಟಿಲಿಗೆಂದು ಖಾನಾಪುರದಾಚೆಯ ತನ್ನೂರು ಗುಂಜಿಗೆ ಹೋಗಿದ್ದಳು. ಅವಳ ಬದಲು ಬಂದ ಕಲ್ಲಯ್ಯ ವಹಿ ಮುಂದಿಟ್ಟುಕೊಂಡು ಅಡುಗೆ ಮಾಡಿದ.

"ನನ್ನ ಅಡಗಿಮನ್ಯಾಗ ಲಿಂಗಕ್ಕ ತೋರಸೂಕಿಂತ ಮೊದಲ ಯಾರೂ ರುಚಿ ನೋಡೂದಿಲ್ರಿ," ಎಂದಳು ಶಿವಬಸವ್ವ. "ಹನ್ನೊಂದಕ್ಕ ಪೂಜಿ ಮುಗಿಸಿ ಮೊದಲ ತಾಟು ನಾನ ಉಂಡೆ. ಎಣ್ಣಿಗಾಯಿ, ಝುಣಕ, ಸಾರು, ಎಲ್ಲಾ ಹದವಾಗಿತ್ತು. ಹನ್ನೆರಡಕ್ಕ ಪಂಕ್ತಿಗೆ ಬಡಿಸಿದ್ರ ಬಾಯಾಗ ಇಡಾಕ ಆಗಲಾರದಷ್ಟು ಉಪ್ಪು. ಬೀಗರು ಅರ್ಧ ಊಟಕ್ಕ ಎದ್ದು ಹೋದ್ರು."

"ನಡುವ ಒಳಗ ಯಾರು ಹೋಗಿದ್ರು?" ಎಂದು ಗುರುಪುತ್ರಪ್ಪ ಕೇಳಿದ.

"ಕಾಡವ್ವ. ಮುಂಜಾನಿ ಗಾಡಿಗೆ ಬಂದು ಹಿತ್ತಲ ಬಾಗಲಿಂದ ಹೊಕ್ಕಾಳ. ಉಪ್ಪಿನ ಭರಣಿ ಹಿಡಕೊಂಡು ನಿಂತದ್ದನ್ನ ಕಲ್ಲಯ್ಯನವರು ಕಣ್ಣಾರೆ ಕಂಡಾರ. ಯಾಕ ಅಂತ ಕೇಳಿದ್ರ ಬಾಯಿ ಬಿಡಲಿಲ್ಲ. ಖಾನಾಪುರದಾಗ ತನ್ನದ ಒಂದು ಖಾನಾವಳಿ ತೆಗಿತಾಳಂತ ಜನ ಅಂತಾರ. ಉಂಡ ಮನಿಗೆ ಎರಡು ಬಗಿದಾಕಿ ಅಂತ ಪಂಕ್ತಿ ಮುಂದ ಅಂದೆ. ಹೊರಗ ಹಾಕಿದೆ."

ಗುರುಪುತ್ರಪ್ಪ ನಿಟ್ಟುಸಿರು ಬಿಟ್ಟು ಎಣ್ಣೆಯ ಬಟ್ಟಲು ಮುಚ್ಚಿಟ್ಟ. ನನಗೆ ಕಾಡವ್ವನ ಚಿಂತೆ ಹತ್ತಿತು. ಅರವತ್ತು ಜನರ ಎದುರು ಇಂಥ ಮಾತು ಬಿದ್ದ ಮೇಲೆ ಬೆಳಗಾವಿಯಲ್ಲಿ ಇನ್ನು ಯಾರೂ ಅವಳನ್ನು ಒಲೆಯ ಮುಂದೆ ನಿಲ್ಲಿಸುವುದಿಲ್ಲ. ಐವತ್ತು ದಾಟಿದ ವಿಧವೆಗೆ ಆ ಕೈಗುಣ ಬಿಟ್ಟರೆ ಬೇರೆ ಆಸ್ತಿಯಿರಲಿಲ್ಲ.

ಖಾನಾವಳಿಗೆ ಹೋದಾಗ ಶಿವಬಸವ್ವ ತಾನೇ ಚಹಾ ಮಾಡಿ ತಂದಳು. ಹಾಲು ತಳ ಹತ್ತಿ ಕಮಟು ನಾರುತ್ತಿತ್ತು. ನಾನು ಒಂದು ಗುಟುಕಿಗೆ ಕಪ್ಪುಬಸಿ ಕೆಳಗಿಟ್ಟೆ. ಕಾಡವ್ವ ಇಲ್ಲದ ಮನೆಯ ಗತಿ ಇದು ಎಂದುಕೊಂಡೆ. ಶಿವಬಸವ್ವ ಪೂರ್ತಿ ಕುಡಿದು ಬಾಯಿ ಒರೆಸಿಕೊಂಡಳು.

ಕಲ್ಲಯ್ಯನಿಗೆ ಸಿಟ್ಟು ಇನ್ನೂ ಆರಿರಲಿಲ್ಲ. "ವಹಿಯಾಗ ಇದ್ದಷ್ಟ ಹಾಕೀನ್ರಿ, ಒಂದು ಹರಳು ಹೆಚ್ಚಿಲ್ಲ. ಹನ್ನೊಂದಕ್ಕಿಂತ ಮೊದಲ ಅಡಗಿ ಮುಗಿಸಿ ಭರಣಿ ತುಂಬಿ ಇಟ್ಟಿದ್ದೆ. ಆವತ್ತಿನಿಂದ ಇಲ್ಲಿ ಅಡಗೀನ ಆಗಿಲ್ಲ, ನೋಡ್ರಿ ಬೇಕಾರ."

ಭರಣಿ ಕಂಠದವರೆಗೆ ತುಂಬಿತ್ತು. ಗುರುಪುತ್ರಪ್ಪ ಅದರ ಮೇಲೆ ಅಂಗೈ ಆಡಿಸಿ, "ಅಯ್ಯಾರ, ಬದನಿಕಾಯಿಗೆ ತುಂಬಿದ ಮಸಾಲಿ ಏನರ ಉಳದೈತೇನು?" ಎಂದ.

"ಐತ್ರಿ. ಹತ್ತಕ್ಕನ ಡಬ್ಬಿಗೆ ಹಾಕಿ ಉಗ್ರಾಣದಾಗ ಇಟ್ಟೆ. ಅವ್ವಾರು ಆಗಿಂದಾಗ ಕೀಲಿ ಹಾಕಿದ್ರು, ತಗದಿಲ್ಲ."

ಕೀಲಿ ತೆಗೆಸಿ, ಡಬ್ಬಿಯ ಮಸಾಲೆಯ ರುಚಿ ನೋಡುವ ಕೆಲಸ ನನಗೆ ಹಚ್ಚಿದ. ಇಂಥ ಕೆಲಸಕ್ಕೆ ಯಾವಾಗಲೂ ನಾನೇ ಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ನಾನು ಎರಡು ತಂಬಿಗೆ ಕುಡಿದೆ.

ಆಮೇಲೆ ಅವನು ವಹಿ ಹಿಡಿದು ಕುಳಿತ. ಒಂದು ತಾಸು ಕಳೆದರೂ ಏಳಲಿಲ್ಲ. ನಾನು ಬಗ್ಗಿ ನೋಡಿದೆ. 'ಗೌರವ್ವನ ಮನಿ ಎಣ್ಣಿಗಾಯಿ. ಬೆಲ್ಲ ಅವರು ಹಾಕಿದಷ್ಟು ಬ್ಯಾಡ, ಗುರೆಳ್ಳು ಹೆಚ್ಚು.' ಅದರ ಕೆಳಗೆ ಉಪ್ಪು ಎರಡು ಚಮಚ ಎಂದಿದ್ದುದನ್ನು ಹೊಡೆದು ಮೂರು, ಅದನ್ನೂ ಹೊಡೆದು ಐದು ಮಾಡಿತ್ತು. ಪಕ್ಕದಲ್ಲಿ, '೧೯೭೮. ಜ್ವರದಿಂದ ಎದ್ದ ಮ್ಯಾಲೆ ಮಾಡಿದ್ದು. ಸಪ್ಪಗಿತ್ತು.'

"ಈ ತಿದ್ದಿದ ಅಕ್ಷರ ಯಾರದು?"

"ನಂದ ರೀ. ನನ್ನ ವಹಿಗೆ ಬ್ಯಾರೆಯವರ ಕೈ ಹತ್ತಿಲ್ಲ," ಎಂದಳು ಶಿವಬಸವ್ವ.

ಮರುದಿನ ವಹಿ ಕೇಳಿ ಇಸಿದುಕೊಂಡು ಗುಂಜಿಗೆ ಹೊರಟೆವು. ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರದವರೆಗೆ ನಿಂತೇ ಹೋದದ್ದಾಯಿತು. ಗುರುಪುತ್ರಪ್ಪ ದಾರಿಯುದ್ದಕ್ಕೂ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಕಾಡವ್ವ ಅಣ್ಣನ ಮನೆಯ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು.

"ಕುಂದರ್ರಿ ಅಣ್ಣಾರ. ಅವ್ವಾರು ಉಂಡಾರಿಲ್ಲೊ?" ಎಂದಳು. ಹೊರಗೆ ಹಾಕಿಸಿಕೊಂಡವಳ ಮೊದಲ ಪ್ರಶ್ನೆ ಇದು.

ಗುರುಪುತ್ರಪ್ಪ ವಹಿ ತೆರೆದು, "ಇದರಾಗ ಉಪ್ಪು ಎಷ್ಟಂತ ಬರದೈತಿ, ಓದವ್ವಾ," ಎಂದ.

"ನನಗ ಅಕ್ಷರ ಬರೂದಿಲ್ರಿ."

"ಮತ್ತ ಎಷ್ಟು ಹಾಕ್ತಿದ್ದಿ?"

"ಕೈಗೆ ಗೊತ್ತೈತ್ರಿ. ಅವ್ವಾರು ಮೊದಲ ಕಲಿಸಿಕೊಟ್ಟಾಗಿನ ಅಳತಿನ."

"ಖಾನಾಪುರದ ಖಾನಾವಳಿ?"

"ಅಣ್ಣನ ಮಗ ತೆಗಿಯೂಣು ಅಂತಾನ್ರಿ. ನಾ ಒಲ್ಲೆ ಅಂದೀನಿ."

"ಸೋಮವಾರ ಭರಣಿ ಹಿಡದದ್ದು ಯಾರ ತಾಟಿಗೆ, ಕಾಡವ್ವ?"

ಅವಳು ಮೊರವನ್ನು ಕಟ್ಟೆಯ ಮೇಲಿಟ್ಟಳು. "ಅದೊಂದು ಕೇಳಬ್ಯಾಡ್ರಿ. ಕೆಟ್ಟಾಕಿ ಅನ್ನಿಸಿಕೊಂಡು ಇಲ್ಲೇ ಇರ್ತೀನಿ."

ತಿರುಗಿ ಬರುವಾಗ ಗಾಡಿಯಲ್ಲಿ ಜಾಗ ಸಿಕ್ಕಿತು. "ಇದನ್ನ ಇಲ್ಲಿಗೇ ಬಿಟ್ಟುಬಿಡೂಣೇನು ಬಂಡೆಪ್ಪ?" ಎಂದ ಗುರುಪುತ್ರಪ್ಪ.

"ಬಿಟ್ರ ಕಾಡವ್ವನ ಹೆಸರು ಯಾರು ತೊಳೀತಾರ?" ಎಂದೆ ನಾನು.

ಅವನು ಕಣ್ಣು ಮುಚ್ಚಿಕೊಂಡ. ಅಷ್ಟು ದಣಿದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಶುಕ್ರವಾರ ಎಲ್ಲರೂ ಖಾನಾವಳಿಯಲ್ಲಿ ಸೇರಿದರು. ಶಿವಬಸವ್ವ, ಕಲ್ಲಯ್ಯ, ಬೀಗರ ಮುನಿಸಿನಿಂದ ಮುಖ ಬಾಡಿದ್ದ ತಮ್ಮಣ್ಣ. ಗುರುಪುತ್ರಪ್ಪ ಹೇಳಿ ಕಳಿಸಿದ್ದರಿಂದ ಕಾಡವ್ವನೂ ಬಂದಿದ್ದಳು, ಹೊಸ್ತಿಲ ಆಚೆ ನಿಂತಿದ್ದಳು.

"ಹನ್ನೊಂದರಿಂದ ಹನ್ನೆರಡರ ನಡುವ ಯಾರೂ ಉಪ್ಪು ಹಾಕಿಲ್ಲ," ಎಂದು ಗುರುಪುತ್ರಪ್ಪ ಶುರು ಮಾಡಿದ. "ಭರಣಿ ತುಂಬಿದ್ದು ತುಂಬಿದಂಗ ಐತಿ. ಉಳಿದ ಮಸಾಲಿ ಹತ್ತಕ್ಕ ಕೀಲಿಯೊಳಗ ಹೋಗೇತಿ, ಅದೂ ಉಪ್ಪುಪ್ಪು. ಅಂದ್ರ ಹನ್ನೊಂದಕ್ಕನ ಅಡಗಿ ಕೆಟ್ಟಿತ್ತು."

"ಹಂಗಾರ ಈ ಅಯ್ಯಾರದ್ದ ತಪ್ಪು," ಎಂದ ತಮ್ಮಣ್ಣ.

"ಅಯ್ಯಾರು ವಹಿ ನೋಡಿ ಹಾಕ್ಯಾರ. ಹೋದ ವರ್ಷ ಜ್ವರ ಬಿಟ್ಟ ಮ್ಯಾಲೆ ವಹಿಯಾಗ ಉಪ್ಪು ಎರಡು ಚಮಚದಿಂದ ಐದಕ್ಕ ಏರೇತಿ. ಒಂದ ಪದಾರ್ಥಕ್ಕಲ್ಲ, ಎಲ್ಲಾದಕ್ಕೂ. ರುಚಿ ನೋಡಿದ್ರ ಅಯ್ಯಾರಿಗೆ ತಿಳೀತಿತ್ತು. ಈ ಅಡಗಿಮನ್ಯಾಗ ಅದಕ್ಕ ಅಪ್ಪಣಿ ಇಲ್ಲ."

"ಮತ್ತ ಒಂದ ವರ್ಷ ಊಟ ಹೆಂಗ ಚಲೋ ಇತ್ರಿ?" ಎಂದು ತಮ್ಮಣ್ಣ ಕೇಳಿದ.

"ಕಾಡವ್ವಗ ಓದಾಕ ಬರೂದಿಲ್ಲ. ಅಕಿ ಹಳೇ ಅಳತಿ ಬಿಟ್ಟಿಲ್ಲ."

ಶಿವಬಸವ್ವ ತಲೆ ಎತ್ತಿದಳು. "ನಾ ಅಕಿಗೆ ಬಾಯಿಲೆ ಹೇಳೀನ್ರಿ, ಉಪ್ಪು ಏರಸು ಅಂತ. ಏರಿಸಿದ್ಲು. ನಾನ ಉಂಡೀನಿ."

"ನಿಮ್ಮ ತಾಟಿಗಷ್ಟ ಏರಿಸಿದ್ಲವ್ವಾ," ಎಂದ ಗುರುಪುತ್ರಪ್ಪ ಮೆಲ್ಲಗೆ. "ಸೋಮವಾರ ಭರಣಿ ಹಿಡಕೊಂಡು ಬಂದದ್ದೂ ಅದಕ್ಕ. ನಿಮ್ಮ ಊಟ ಮುಗಿದಿತ್ತು, ಹಂಗ ನಿಂತ್ಲು. ಮೊನ್ನಿ ಚಾದಾಗ ಹಾಲು ಹೊತ್ತಿತ್ತು. ಬಂಡೆಪ್ಪನ ಗಂಟಲಾಗ ಇಳೀಲಿಲ್ಲ. ನೀವು ಪೂರ್ತಿ ಕುಡದ್ರಿ."

ಎಷ್ಟೋ ಕಳ್ಳರು ಸಿಕ್ಕಿಬಿದ್ದ ಗಳಿಗೆಯಲ್ಲಿ ನಾನು ಗುರುಪುತ್ರಪ್ಪನ ಬಾಜೂಕ ನಿಂತು ಬೀಗಿದ್ದೇನೆ. ಆ ದಿನ ಮಾತ್ರ ಎದ್ದು ಹೋಗಬೇಕು ಅನ್ನಿಸಿತು. ಬೆಳಗಾವಿಯ ಅರ್ಧ ಮನೆಗಳ ರುಚಿಯನ್ನು ತನ್ನ ನಾಲಿಗೆಯಲ್ಲಿ ತೂಗಿ ಬರೆದಿಟ್ಟ ಹೆಂಗಸು, ಆ ನಾಲಿಗೆ ಸತ್ತದ್ದನ್ನು ನಮ್ಮ ಬಾಯಿಂದ ಕೇಳುತ್ತಿದ್ದಳು.

"ಖರೇನ?" ಎಂದು ಅವಳು ಕಾಡವ್ವನತ್ತ ತಿರುಗಿದಳು.

"ಮೊದಲ ಒಂದು ಚಿಮಟಿ ಹಾಕ್ತಿದ್ದೆ. ಆಮ್ಯಾಲೆ ಎರಡು. ನೀವು ಹದ ಐತಿ ಅನ್ನೂತನಕ."

"ಯಾಕ ಹೇಳಲಿಲ್ಲ?"

"ನಿಮಗ ರುಚಿ ಹತ್ತೂದಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ ಅವ್ವಾರ?"

"ಪಂಕ್ತಿ ಮುಂದ ನಾ ಅಷ್ಟ ಅಂದೆ. ಆಗರ ಹೇಳಬಾರದಿತ್ತ?"

"ಪಂಕ್ತಿ ಮುಂದ ಹೆಂಗ ಹೇಳ್ಲಿ?"

ಶಿವಬಸವ್ವ ಎದ್ದು ಸೆರಗು ಸರಿಮಾಡಿಕೊಂಡಳು. ಆಮೇಲೆ, "ತಮ್ಮಣ್ಣನವರ, ಬೀಗರ ಮನಿಗೆ ಹೋಗೂಣು ನಡೀರಿ. ಅಡಗಿ ಕೆಡಿಸಿದಾಕಿ ನಾನು ಅಂತ ನಾನ ಹೇಳತೀನಿ. ಆವತ್ತು ಉಣ್ಣಾಕ ಬಂದವರ ಒಂದೊಂದು ಮನಿಗೂ ಹೋಗಿ ಹೇಳತೀನಿ," ಎಂದಳು.

"ಮೊದಲ ಉಂಡು ಹೋಗ್ರಿ. ಎಷ್ಟು ದಿನ ಆತೋ," ಎಂದು ಕಾಡವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ, ಯಾರೂ ತಡೆಯಲೂ ಇಲ್ಲ.

ಒಲೆ ಹೊತ್ತಿತು. ತಾಸಿನಲ್ಲಿ ರೊಟ್ಟಿ, ಎಣ್ಣೆಗಾಯಿ ಆದವು. ಶಿವಬಸವ್ವ ಪೂಜೆ ಮುಗಿಸಿ ತಾಟಿನ ಮುಂದೆ ಕುಳಿತಳು. ಕಾಡವ್ವ ಎಲ್ಲರಿಗೂ ಬಡಿಸಿದ ಪಾತ್ರೆಯಿಂದಲೇ ಅವಳಿಗೂ ಬಡಿಸಿದಳು, ಮೇಲೆ ಏನೂ ಹಾಕಲಿಲ್ಲ. ಶಿವಬಸವ್ವ ಒಂದು ತುತ್ತು ಅಗಿದಳು.

"ಏನೂ ತಿಳೀವಲ್ತು," ಎಂದಳು. ಅವಳ ಕಣ್ಣು ತುಂಬಿದ್ದವು.

ಕಾಡವ್ವ ಸವುಟು ಕೆಳಗಿಟ್ಟು ಅವಳ ಬಾಜೂಕ ಕುಳಿತಳು. ಆ ಮನೆಯಲ್ಲಿ ಅವಳು ಅವ್ವಾರ ಸರಿಸಮ ಕುಳಿತದ್ದು ಅದೇ ಮೊದಲು. ಒಂದು ತುಣುಕು ಬದನೆಕಾಯಿ ತನ್ನ ಬಾಯಿಗೆ ಹಾಕಿಕೊಂಡಳು.

"ಮೊದಲ ಗುರೆಳ್ಳು ಬರತೈತ್ರಿ," ಎಂದಳು. "ಜರಾ ಕಹಿ ಕಹಿ, ಚಲೋ ಹುರದದ್ದು. ಆಮ್ಯಾಲೆ ಹುಣಸಿ. ಹಲ್ಲು ಚುಳ್ ಅನ್ನೂವಷ್ಟಲ್ಲ, ನೀವು ಹೇಳಿಕೊಟ್ಟಷ್ಟ."

ಶಿವಬಸವ್ವ ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದಳು.

"ಮುಂದ?" ಎಂದಳು.