ಆಷಾಢಕ್ಕೆ ಮುಂಚಿನ ಹಾಲು

"ನನ್ನ ಹೆಸರಲ್ಲಿ ಹಾಲು ಉಕ್ಸೋಕೆ ನೀವ್ಯಾರ್ರೀ?"

ಕಲ್ಯಾಣದುರ್ಗದ ಬಸ್ಸಿಳಿದ ಸ್ನೇಹಲತಾ ನೇರವಾಗಿ ತಿಪ್ಪೇಶನ ಮೋಟಾರ್ ವೈಂಡಿಂಗ್ ಅಂಗಡಿಗೇ ನುಗ್ಗಿದ್ದಳು. ಊರಿನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಕಣ್ಣು ಕೆಂಡ ಕಾರುತ್ತಿತ್ತು.

ತಿಪ್ಪೇಶ್ ಎದ್ದು ನಿಂತ. ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.

"ಅದು... ನಾಳೆಯಿಂದ ಆಷಾಢ ಅಲ್ವಾ..."

"ಅದಕ್ಕೆ?"

"ಆಷಾಢದಾಗೆ ಹೊಸ ಮನೆಗೆ ಹೋಗಂಗಿಲ್ಲ. ಇವತ್ತೇ ಹಾಲು ಉಕ್ಸಿಟ್ರೆ ಸಾಮಾನು ಯಾವಾಗ ಸಾಗಿಸಿದ್ರೂ ದೋಷ ಇಲ್ಲ ಅಂದ ಆ ಹೊಸ ಅಪಾರ್ಟ್‌ಮೆಂಟಿನ ವಾಚ್‌ಮನ್ ಕದಿರಪ್ಪ. ನೀವು ಊರಾಗಿರ್ಲಿಲ್ಲ. ಅದಕ್ಕೇ ಬೀಗದ ಕೈ ಇಸ್ಕಂಡು ನಾನೇ..."

'ಹಾಲು ಉಕ್ಸಿದ್ದಾಯ್ತು ಕಣಮ್ಮ' ಎಂದು ಕದಿರಪ್ಪ ಫೋನ್ ಮಾಡಿದಾಗ ಸ್ನೇಹಾ ಬಸ್ಸಿನಲ್ಲೇ ಅತ್ತುಬಿಟ್ಟಿದ್ದಳು.

ಅವಳದು ಹಿಂದೂಪುರದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ. ವಾಸ ಇದೇ ತಿಪ್ಪೇಶನ ತಾಯಿ ದ್ರಾಕ್ಷಾಯಣಮ್ಮನವರ ಮಹಡಿ ಮನೆಯಲ್ಲಿ. ಅಲ್ಲಿ ಅಡುಗೆಮನೆ ಸೋರುತ್ತದೆ, ನಲ್ಲಿಗೆ ಮನಸ್ಸು ಬಂದಾಗ ನೀರು. ಪೆನುಕೊಂಡ ರಸ್ತೆಯ ಹೊಸ ಅಪಾರ್ಟ್‌ಮೆಂಟಿನಲ್ಲೋ ಲಿಫ್ಟು, ಬಾಲ್ಕನಿ, ಹಗಲು ರಾತ್ರಿ ನೀರು! ಹಳೆಯ ಬಾಡಿಗೆ ಅಗ್ರಿಮೆಂಟ್ ಈ ತಿಂಗಳಿಗೆ ಮುಗಿಯುತ್ತದೆ. ಮತ್ತೆ ಬರೆಸುವುದೋ, ಖಾಲಿ ಮಾಡುವುದೋ... ಇವತ್ತು ಸಂಜೆಯೊಳಗೆ ಹೇಳಲೇಬೇಕು.

ಬುದ್ಧಿ ಇದ್ದವರು ಇದಕ್ಕೆ ಯೋಚಿಸುವುದೇ ಇಲ್ಲ. ಆದರೆ ಪ್ರೀತಿಸಿದವಳಿಗೆ ಬುದ್ಧಿ ಎಲ್ಲಿಂದ ಬರಬೇಕು! ಸ್ನೇಹಾ ಆ ಮನೆ ನೋಡಲು ಹೋದದ್ದೇ ತಿಪ್ಪೇಶನ ಬಾಯಲ್ಲಿ 'ಹೋಗ್ಬ್ಯಾಡಿ' ಎನ್ನುವ ಒಂದು ಮಾತು ಕೇಳಲಿಕ್ಕೆ. ಬಂದವಳು ಬಾಲ್ಕನಿಯನ್ನು ಬೇಕೆಂದೇ ಬಾಯ್ತುಂಬ ಹೊಗಳಿದ್ದಳು. ಅವನು ತಲೆ ತಗ್ಗಿಸಿ ತಾಮ್ರದ ತಂತಿ ಸುತ್ತುತ್ತ ಕೂತಿದ್ದ, ಅಷ್ಟೇ.

'ಈಗ ನೋಡಿದರೆ ತಾನೇ ಹೋಗಿ ಹಾಲು ಉಕ್ಕಿಸಿ ಬಂದಿದ್ದಾನೆ. ನನ್ನನ್ನು ಸಾಗಹಾಕಲು ಅಷ್ಟೊಂದು ಅವಸರವೇ?'

ಆದರೂ ಬಿಗುಮಾನ ಬಿಡಲಿಲ್ಲ.

"ಸರಿ ಬಿಡಿ. ಹಾಲು ಉಕ್ಕಿದ ಮನೇನ ಬ್ಯಾಡ ಅನ್ಬಾರ್ದಂತೆ. ಹೋಯ್ತೀನಿ. ನಾಳೇನೇ ಹೋಯ್ತೀನಿ!"

ಅಷ್ಟರಲ್ಲಿ ಪಕ್ಕದ ಮೆಟ್ಟಿಲಿನಿಂದ ದ್ರಾಕ್ಷಾಯಣಮ್ಮ ಕೂಗಿದರು. "ಏಮ್ಮಾ ಸ್ನೇಹಾ, ಬಂದ್ಯಾ? ಸಂಜೆ ಆಯ್ತು ಕಣಮ್ಮ. ಮನೆ ಕೇಳ್ಕಂಡು ಬೇರೆಯೋರು ಬಂದು ಕುಂತವ್ರೆ. ಏನ್ ಹೇಳ್ಲಿ?"

ಸ್ನೇಹಾ ಬಾಗಿಲಿನತ್ತ ತಿರುಗಿದಳು. "ಕೊಟ್ಬಿಡಿ ಅಮ್ಮಾ, ನಾನು ಖಾಲಿ ಮಾ..."

"ತಡೀರಿ!"

ತಿಪ್ಪೇಶ್ ಅಡ್ಡ ಬಂದು ಕೈಚಾಚಿದ್ದ. ಆ ಕೈ ನೋಡಿ ಸ್ನೇಹಾ ಬೆಚ್ಚಿದಳು. ಬೆರಳುಗಳ ತುಂಬಾ ಬೊಬ್ಬೆ!

"ಅಯ್ಯೋ, ಏನಿದು?"

"ಪಾತ್ರೆ ಸುಡ್ತು."

"ಒಂದು ಬಟ್ಟೇನಾದ್ರೂ ಹಿಡ್ಕಬಾರ್ದಿತ್ತಾ?"

"ಹುಡ್ಕೋಕೆ ಟೈಮಿರ್ಲಿಲ್ಲ. ಹಾಲು ಮೇಲಕ್ಕೆ ಬತ್ತಾ ಇತ್ತು..."

"ಬರ್ಲಿ! ಉಕ್ಲಿ ಅಂತಾನೇ ಅಲ್ವಾ ಇಡೋದು?"

ಅವನ ಕಣ್ಣು ತುಂಬಿ ಬಂತು.

"ಉಕ್ಕಿದ್ರೆ ನೀವು ಹೊಂಟೋಗ್ತೀರಲ್ಲ... ಬರೀ ಕೈಲೇ ಇಳಿಸ್ಬುಟ್ಟೆ."

ಸ್ನೇಹಾ ನಿಂತಲ್ಲೇ ನಿಂತಳು. 'ಹಾಗಾದರೆ... ಹಾಲು ಉಕ್ಕಲೇ ಇಲ್ಲ!'

"ಆಯ್ತು ಅಂತ ಕದಿರಪ್ಪಂಗೆ ಸುಳ್ಳು ಹೇಳ್ದೆ. ಆ ಹಾಲಲ್ಲೇ ಟೀ ಮಾಡಿ ಅವನಿಗೂ ಕೊಟ್ಟು ಬಂದೆ. ನೀವು ಒಳ್ಳೇ ಮನೇಲಿರ್ಲಿ ಅಂತ್ಲೇ ಹೋಗಿದ್ದೆ ಕಣ್ರೀ, ದೇವ್ರಾಣೆ. ಒಲೆ ಮುಂದೆ ನಿಂತಾಗ ಆಗ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ, ಸ್ನೇಹಾ."

"ಈ ಮಾತು ಅವತ್ತೇ ಹೇಳೋಕೆ ಏನಾಗಿತ್ತು ನಿಮ್ಗೆ?"

"ಸೋರೋ ಮನೇಲೇ ಇರಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಸ್ನೇಹಾ ಅಳುತ್ತಲೇ ನಕ್ಕಳು. ಬಾಗಿಲಾಚೆ ಇಣುಕಿ ಜೋರಾಗಿ ಕೂಗಿದಳು. "ಅಮ್ಮಾ, ಇಲ್ಲ ಅನ್ನಿ ಅವ್ರಿಗೆ! ನಾನೆಲ್ಲೂ ಹೋಗಲ್ಲ!"

ಆಮೇಲೆ ಬ್ಯಾಗಿನಿಂದ ಮುಲಾಮು ತೆಗೆದು ಅವನ ಬೆರಳಿಗೆ ಒಂದೊಂದಾಗಿ ಹಚ್ಚತೊಡಗಿದಳು. ಅವನು ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿದ್ದ.

"ಶ್ರಾವಣಕ್ಕೆ ನಮ್ಮಪ್ಪ ಅಮ್ಮನ್ನ ಮಾತಿಗೆ ಕರೆಸ್ತೀನಿ. ಮದುವೆ ಆದ್ಮೇಲೆ ನಿಮ್ಮನೆ ಒಲೆ ಮೇಲೆ ನಾನೇ ಹಾಲಿಡ್ತೀನಿ."

"ಆಗ ನಾನೇನು ಮಾಡ್ಲಿ?"

"ಪಾತ್ರೆ ಮುಟ್ಟಿದ್ರೆ ನೋಡಿ! ಅದು ಉಕ್ಕೋಗಂಟ... ಸುಮ್ನೆ ನನ್ನ ಕೈ ಹಿಡ್ಕಂಡು ನಿಂತಿರಿ."