ಕಟಪಾಡಿಗೆ ಹೋದ ಸಿಪಿಯು

ಬೀಪ್. ಬೀಪ್. ಬೀಪ್.

ಹರ್ಷಿಣಿ ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದಳು. ಮಾನಿಟರ್ ಕಪ್ಪಗೇ ಇತ್ತು. ಮೇಜಿನ ಕೆಳಗೆ ಸಿಪಿಯು ಒಳಗಿನ ಫ್ಯಾನ್ ಮಾತ್ರ ಗರಗರ ತಿರುಗುತ್ತಿತ್ತು. ಶಾಲೆಯಿಂದ ಬಂದ ಮೇಲೆ ಅವಳು ಬಟನ್ ಒತ್ತುತ್ತಿರುವುದು ಇದು ಎಂಟನೇ ಸಲ.

"ಒಮ್ಮೆ ಆನ್ ಆಗು ಮಾರಾಯ," ಎಂದಳು ಸಿಪಿಯುವಿಗೆ.

ಅದು ಇನ್ನೊಮ್ಮೆ ಮೂರು ಸಲ ಕೂಗಿ ಸುಮ್ಮನಾಯಿತು.

ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೋದ ಮೇಲೆ ಕಾರ್ ಗೇಮ್ ಆಡುತ್ತಾ ಕೂತಿದ್ದಳು. ಹೊರಗೆ ಶಾಲೆಯ ಆಟೋ ಹಾರ್ನ್ ಹೊಡೆದಾಗ ಶಟ್‌ಡೌನ್ ಮಾಡಲು ಪುರುಸೊತ್ತಿರಲಿಲ್ಲ. ಗೋಡೆಯ ಸ್ವಿಚ್ಚನ್ನೇ ಟಪ್ಪೆಂದು ಆಫ್ ಮಾಡಿ ಓಡಿದ್ದಳು. ಹಾಗೆ ಮಾಡಬೇಡ ಎಂದು ಅಮ್ಮ ಎಷ್ಟು ಸಲ ಹೇಳಿದ್ದಳೋ!

ಆ ಕಂಪ್ಯೂಟರ್ ಮನೆಗೆ ಬಂದದ್ದು ಆಟಕ್ಕಲ್ಲ. ಅಮ್ಮ ಸರಸ ಹೆಜಮಾಡಿಯಲ್ಲಿ ಮೀನು ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ನಿಂತೇ ಮಾಡುವ ಕೆಲಸ. ಕಾಪುವಿನ ಒಂದು ಆಫೀಸಿಗೆ ಕನ್ನಡ ಟೈಪಿಂಗ್ ಬರುವವರು ಬೇಕಂತೆ ಎಂದು ತಿಳಿದಾಗ, ಜಿತೇಂದ್ರ ಮಾವ ತಾವು ಕೆಲಸ ಮಾಡುವಲ್ಲಿ ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ತಂದುಕೊಟ್ಟಿದ್ದರು. ಎರಡು ತಿಂಗಳಿಂದ ಅಮ್ಮ ಪ್ರತಿ ಸಂಜೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಸೋಮವಾರ ಆ ಆಫೀಸಿನಲ್ಲಿ ಅವಳಿಗೆ ಪರೀಕ್ಷೆ. ಇವತ್ತು ಶನಿವಾರ.

ಅಪ್ಪನಿಗೆ ಹೇಳೋಣವೆಂದರೆ ಅವನು ಬೋಟಿನಲ್ಲಿ ಹೋಗಿ ಆರು ದಿನವಾಗಿತ್ತು. ಸಮುದ್ರದ ಮಧ್ಯೆ ಫೋನ್ ಸಿಗುವುದಿಲ್ಲ.

ಐದೂವರೆಗೆ ಅಮ್ಮ ಬಂದಳು. ಚಪ್ಪಲಿ ಬಿಚ್ಚಿ, ಒಳಗೂ ಬಾರದೆ ಬಾಗಿಲ ಹತ್ತಿರವೇ ಗೋಡೆಗೆ ಒರಗಿ ಕೂತಳು.

"ಚಾ ಕುಡಿದೆಯಾ?"

"ಹ್ಞೂಂ."

"ಮತ್ತೆ ಮುಖ ಯಾಕೆ ಹೀಗುಂಟು?"

"ಎಂತ ಇಲ್ಲ."

ಅಮ್ಮ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಎದ್ದು ಮುಖ ತೊಳೆದು ಕಂಪ್ಯೂಟರಿನ ಮುಂದೆ ಕೂತು ಬಟನ್ ಒತ್ತಿದಳು.

ಬೀಪ್. ಬೀಪ್. ಬೀಪ್.

ಈಗ ಬೈಗುಳ ಬರುತ್ತದೆ ಎಂದು ಹರ್ಷಿಣಿ ಕಾದಳು. ಅಮ್ಮ ಬೈಯಲಿಲ್ಲ. ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಟ್ಟು ಕಪ್ಪು ಪರದೆಯನ್ನೇ ನೋಡುತ್ತಾ ಕೂತಳು. ಹರ್ಷಿಣಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

"ಕಟಪಾಡಿಯಲ್ಲಿ ಜೋಸ್ಲಿನ್ ಅಂತ ಒಬ್ಬರು ರಿಪೇರಿ ಮಾಡ್ತಾರಂತೆ," ಎಂದಳು ಅಮ್ಮ ಕೊನೆಗೆ. "ನಾಳೆ ಆದಿತ್ಯವಾರ, ಅಂಗಡಿ ಇರುವುದಿಲ್ಲ. ಈಗಲೇ ಹೋಗುವ. ನೀನೂ ಬಾ."

ಹಳೆಯ ಬೆಡ್‌ಶೀಟಿನಲ್ಲಿ ಸಿಪಿಯುವನ್ನು ಸುತ್ತಿ, ಆಚೆಯಿಂದ ಒಬ್ಬರು ಈಚೆಯಿಂದ ಒಬ್ಬರು ಹಿಡಿದು ಬಸ್ ಹತ್ತಿದರು. ಸೀಟು ಸಿಕ್ಕಿತು. ಇಬ್ಬರ ತೊಡೆಯ ಮೇಲೂ ಸಿಪಿಯು ಕೂತಿತು. ಬಸ್ ಕಾಪು ಪೇಟೆ ದಾಟುವ ಮೊದಲೇ ಅಮ್ಮನ ತಲೆ ಹರ್ಷಿಣಿಯ ಭುಜಕ್ಕೆ ವಾಲಿತು.

ಈಗಲೇ ಹೇಳಿಬಿಡಲೇ ಎಂದುಕೊಂಡಳು ಹರ್ಷಿಣಿ. ಆದರೆ ಅಮ್ಮನನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಭುಜ ನೋಯುತ್ತಿದ್ದರೂ ಅಲ್ಲಾಡದೆ ಕೂತಳು.

"ಕಟಪಾಡಿ, ಕಟಪಾಡಿ!" ಕಂಡಕ್ಟರ್ ಅವಳತ್ತ ಬಗ್ಗಿ, "ಅಮ್ಮನನ್ನು ಎಬ್ಬಿಸು ಪುಟ್ಟ," ಎಂದ.

ಜೋಸ್ಲಿನ್ ಆಂಟಿಯ ಅಂಗಡಿ ಚಿಕ್ಕದು. ಬಿಚ್ಚಿಟ್ಟ ಕಂಪ್ಯೂಟರ್‌ಗಳ ನಡುವೆ ಅವರು ಕನ್ನಡಕವನ್ನು ತಲೆಗೇರಿಸಿ ಕೂತಿದ್ದರು.

"ಎಂತ ಆದದ್ದು ಅಕ್ಕ?"

"ನಾನು ಸ್ವಿಚ್..."

"ನಾನು ಹೊಡೆದು..."

ಅಮ್ಮ, ಮಗಳು ಒಟ್ಟಿಗೇ ಬಾಯಿ ತೆರೆದಿದ್ದರು. ಇಬ್ಬರೂ ಒಟ್ಟಿಗೇ ನಿಲ್ಲಿಸಿದರು.

"ಒಬ್ಬೊಬ್ಬರೇ ಹೇಳಿ," ಎಂದರು ಆಂಟಿ.

ಹರ್ಷಿಣಿ ತಲೆ ತಗ್ಗಿಸಿ ಗೇಮು, ಆಟೋ, ಸ್ವಿಚ್ಚು ಎಲ್ಲ ಒಂದೇ ಉಸಿರಿಗೆ ಹೇಳಿದಳು. ಅಮ್ಮನ ಕಡೆ ನೋಡಲು ಧೈರ್ಯವಾಗಲಿಲ್ಲ.

"ನಿನ್ನೆ ಟೈಪ್ ಮಾಡುವಾಗ ಹ್ಯಾಂಗ್ ಆಯ್ತು," ಅಮ್ಮನ ಸ್ವರ ಸಣ್ಣದಾಗಿತ್ತು. "ಒಂದು ಪೇಜು ಮಾಡಿದ್ದೆಲ್ಲ ಹೋಯ್ತು. ಸಿಟ್ಟು ಬಂದು ಅದಕ್ಕೆ ಎರಡು ಬಾರಿಸಿದೆ. ನನ್ನ ಪೆಟ್ಟಿನಿಂದಲೇ ಹಾಳಾಯ್ತು ಅಂತ ಹೆದರಿದ್ದೆ. ಇವಳ ಹತ್ತಿರ ಹೇಳಲಿಕ್ಕೆ ನಾಚಿಕೆ ಆಯ್ತು."

ಹರ್ಷಿಣಿ ತಲೆ ಎತ್ತಿದಳು. ನನ್ನ ಹತ್ತಿರ ಹೇಳಲು ಅಮ್ಮನಿಗೆ ನಾಚಿಕೆಯೇ?

ಆಂಟಿ ನಗಲಿಲ್ಲ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗೆಲ್ಲ ಧೂಳು. ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆಗಳೂ ಇದ್ದವು. ಉದ್ದನೆಯ ಹಸಿರು ಪಟ್ಟಿಯೊಂದನ್ನು ಕಿತ್ತು ಬೆಳಕಿಗೆ ಹಿಡಿದರು.

"ಇದು ರ‍್ಯಾಮ್. ಈ ಚಿನ್ನದ ಬಣ್ಣದ ಹಲ್ಲುಗಳು ಕಪ್ಪಾದದ್ದು ಕಾಣ್ತದಾ? ನಿಮ್ಮ ಮನೆ ಸಮುದ್ರದ ಹತ್ತಿರ ಅಲ್ವಾ? ಉಪ್ಪು ಗಾಳಿಗೆ ಹೀಗಾಗ್ತದೆ. ನಿಮ್ಮಿಬ್ಬರದ್ದೂ ತಪ್ಪಲ್ಲ."

ಡ್ರಾಯರಿನಿಂದ ಒಂದು ಪೆನ್ಸಿಲ್ ರಬ್ಬರ್ ತೆಗೆದು ಹರ್ಷಿಣಿಗೆ ಕೊಟ್ಟರು. "ಹಲ್ಲುಗಳನ್ನು ಇದರಲ್ಲಿ ಉಜ್ಜು. ಮೆಲ್ಲ."

ಹರ್ಷಿಣಿ ಉಸಿರು ಬಿಗಿಹಿಡಿದು ಉಜ್ಜಿದಳು. ಕಪ್ಪು ಹೋಗಿ ಹೊಳಪು ಬಂತು. ಆಂಟಿ ಧೂಳನ್ನು ಬ್ರಶ್‌ನಲ್ಲಿ ತೆಗೆದು, ಪಟ್ಟಿಯನ್ನು ಟಕ್ಕೆಂದು ಕೂರಿಸಿ, ಅಂಗಡಿಯ ಮಾನಿಟರಿಗೆ ಜೋಡಿಸಿ ಆನ್ ಮಾಡಿದರು. ಒಂದೇ ಒಂದು ಸಲ ಬೀಪ್ ಎಂದಿತು. ಪರದೆಯ ತುಂಬ ಬೆಳಕು.

"ಇನ್ನು ಹೊಡೆಯುವುದೂ ಬೇಡ, ಶಟ್‌ಡೌನ್ ಮಾಡದೆ ಸ್ವಿಚ್ ಆಫ್ ಮಾಡುವುದೂ ಬೇಡ," ಎಂದರು ಆಂಟಿ. "ಆಗಾಗ ಪ್ಲಗ್ ತೆಗೆದು ಧೂಳು ಒರೆಸಿ. ಸಾಕು."

ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಮೇಧಾ ಆಡಲು ಕರೆದಳು.

"ಹೋಗು," ಎಂದಳು ಅಮ್ಮ, ಕೀಬೋರ್ಡಿನಿಂದ ಕಣ್ಣೆತ್ತದೆ.

ಹರ್ಷಿಣಿ ಬಾಗಿಲವರೆಗೆ ಹೋದಳು. ತಿರುಗಿ ನೋಡಿದಳು. ಅಮ್ಮನ ಬೆನ್ನು ಬಾಗಿತ್ತು. ಐಸಿನಲ್ಲಿ ನೆನೆದು ನೆನೆದು ಬಿರುಕು ಬಿಟ್ಟ ಬೆರಳುಗಳು ಅಕ್ಷರ ಹುಡುಕುತ್ತಿದ್ದವು. ತನ್ನ ಗಣಿತ ಪರೀಕ್ಷೆಯ ಹಿಂದಿನ ದಿನ ಹರ್ಷಿಣಿಯೂ ಹೀಗೆಯೇ ಕೂರುತ್ತಾಳೆ. ಆಗ ಅಮ್ಮ ಏನೂ ಹೇಳದೆ ಪಕ್ಕದಲ್ಲಿ ಇರುತ್ತಾಳೆ.

"ನಾನು ಆಮೇಲೆ ಬರ್ತೇನೆ ಮೇಧಾ," ಎಂದು ಕೂಗಿ, ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತಳು.

ಅಮ್ಮ ಒಂದು ಸಾಲು ಮುಗಿಸಿದಳು. ಎರಡನೆಯ ಸಾಲಿನಲ್ಲಿ ಒತ್ತಕ್ಷರ ತಪ್ಪಿತು. ಅಮ್ಮ ಮೊದಲು ನೋಡಿದ್ದು ಪರದೆಯನ್ನಲ್ಲ, ಓರೆಗಣ್ಣಿನಿಂದ ಮಗಳನ್ನು.

ಹರ್ಷಿಣಿ ಏನೂ ಕಾಣದವಳ ಹಾಗೆ ಕಿಟಕಿಯ ಕಡೆ ತಿರುಗಿದಳು. ಹಿಂದೆ ಬ್ಯಾಕ್‌ಸ್ಪೇಸ್ ಒತ್ತಿದ ಸದ್ದು ಕೇಳಿಸಿತು. ಸ್ವಲ್ಪ ತಡೆದು, ಇನ್ನೊಂದು ಅಕ್ಷರದ ಸದ್ದು.